ಅಲ್ಲಾಡಿದ ಕೈ

ಶ್ರೀರಂಗಪಟ್ಟಣದ ಕೋಟೆಯೊಳಗಿನ ನನ್ನ ಮನೆಯಲ್ಲಿ, ಒಂದು ಬೆಳಗ್ಗೆ, ಅಪ್ಪ ತೆಗೆದ ಫೋಟೋವೊಂದರ ಗಾಜಿನ ನೆಗೆಟಿವ್ ಅನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಕುರ್ಚಿಯಲ್ಲಿ ಕೂರಿಸಿದ ಒಬ್ಬ ಹೆಂಗಸು, ಸುತ್ತ ನಿಂತ ಮನೆಯವರು. ಹೆಂಗಸು ಸತ್ತಿದ್ದಳು. ಅದು ನನಗೆ ಮೊದಲೇ ತಿಳಿದಿತ್ತು, ಅವಳು ಸತ್ತಳೆಂದೇ ಆ ಫೋಟೋ ತೆಗೆಸಿದ್ದರು. ಆದರೆ ಅವಳ ಬಲಗೈ ಅಲ್ಲಾಡಿತ್ತು.

ಅಪ್ಪನ ಕ್ಯಾಮೆರಾ ಮರದ ಪೆಟ್ಟಿಗೆಯದು. ಗುಂಡಿ ಒತ್ತಿದರೆ ಕ್ಷಣದಲ್ಲಿ ಚಿತ್ರ ಹಿಡಿಯುವಂಥದ್ದಲ್ಲ. ಲೆನ್ಸಿನ ಮುಚ್ಚಳ ತೆಗೆದು, ಬೆಳಕು ನೋಡಿಕೊಂಡು ಮನಸ್ಸಿನಲ್ಲೇ ಎಣಿಸಿ, ಮತ್ತೆ ಮುಚ್ಚಬೇಕು. ಆ ಹೊತ್ತಿನಲ್ಲಿ ಅಲ್ಲಾಡಿದ್ದೆಲ್ಲ ಪ್ಲೇಟಿನ ಮೇಲೆ ಮಂಜಿನಂತೆ ಹರಡಿಕೊಳ್ಳುತ್ತದೆ. ಬದುಕಿರುವವರು ಎಷ್ಟೇ ಬಿಗಿಯಾಗಿ ನಿಂತರೂ ಉಸಿರಾಡುತ್ತಾರೆ, ಸ್ವಲ್ಪ ತೂಗುತ್ತಾರೆ. ಅದಕ್ಕೇ ಅಪ್ಪ ತೆಗೆದ ಹೆಣದ ಫೋಟೋಗಳಲ್ಲಿ ಎಲ್ಲರಿಗಿಂತ ಸ್ಪಷ್ಟವಾಗಿ ಕಾಣುವವರು ಸತ್ತವರೇ.

ಇಲ್ಲಿ ಕೈ ಸ್ಪಷ್ಟವಾಗಿರಲಿಲ್ಲ. ಬೆರಳುಗಳು ಒಂದರೊಳಗೊಂದು ಕರಗಿ, ಎದೆಯ ಮೇಲಿನ ಸೆರಗಿನ ಅಂಚೂ ಅಲ್ಲೇ ಕದಡಿತ್ತು. ಪ್ಲೇಟನ್ನು ಮೇಜಿನ ಮೇಲೆ ಇಟ್ಟು ಮತ್ತೆ ಕಾಗದ ಮುಚ್ಚಿದೆ.

ಈ ಪ್ಲೇಟನ್ನು ನಾನು ಸುಮ್ಮನೆ ತೆಗೆದು ನೋಡಿದ್ದಲ್ಲ, ಒಬ್ಬರು ಕೇಳಿದ್ದರು. ಪಾಂಡವಪುರದಲ್ಲಿ ಅಪ್ಪನ ಸ್ಟುಡಿಯೋ ಇದ್ದ ಕಟ್ಟಡವನ್ನು ಕೆಡವುತ್ತಾರೆಂದು ತಿಳಿದು, ಅಲ್ಲಿದ್ದ ಪ್ಲೇಟಿನ ಪೆಟ್ಟಿಗೆಗಳನ್ನು ಗೂಡ್ಸ್ ಆಟೋದಲ್ಲಿ ತರಿಸಿದ್ದೆ. ಆಟೋದವರು ಐವತ್ತು ದಾಟಿದ ಮನುಷ್ಯ. ಪೆಟ್ಟಿಗೆ ಇಳಿಸುತ್ತ, ಪ್ಲೇಟಿಗೆ ಸುತ್ತಿದ್ದ ಕಾಗದವೊಂದನ್ನು ನೋಡಿ ನಿಂತುಬಿಟ್ಟರು.

"ಅಕ್ಕೋ, ಇದ್ರ ಮ್ಯಾಲೆ ನಮ್ಮೂರ ಎಸ್ರೈತೆ, ಬಾಣ್ತಿ ಅಂತ್ಲೂ ಬರ್ದೈತೆ."

"ಯಾವೂರು?"

"ಗೋವಿಂದ್ನಳ್ಳಿ ತಾವ. ಕಿಕ್ಕೇರಿಯಿಂದ ಒಸಿ ಒಳಕ್ಕೋಗ್ಬೇಕು. ನಮ್ಮವ್ವನ್ನ ಎತ್ತು ಮೂರ್ದಿನಕ್ಕೆ ಅವ್ರವ್ವ ತೀರೋದ್ಲಂತೆ. ಪಾಂಡುಪುರದ ಪೋಟೋದೋರು ಬಂದು ತಗುದ್ರು ಅಂತಾರೆ. ಆ ಪೋಟೋ ಈಗಿಲ್ಲ. ನಮ್ಮಜ್ಜ ಇನ್ನೊಂದು ಕಟ್ಕಂಡ, ಬಂದೋಳು ಸವ್ತಿ ಪೋಟೋ ಮನೇಲಿರಬಾರ್ದು ಅಂತ ಕೆರೆಗಾಕ್ಬುಟ್ಲು."

ಅಲ್ಲೇ ನಿಂತು ತಾಯಿಗೆ ಫೋನು ಮಾಡಿ, ಮೊಬೈಲನ್ನು ನನ್ನ ಕೈಗೆ ಕೊಟ್ಟರು. ಆ ಕಡೆಯಿಂದ ಮುದುಕಿಯ ಗಟ್ಟಿ ದನಿ.

"ಎಂಗವ್ಳೆ ಕಣವ್ವ? ನನ್ನಂಗೇ ಅವ್ಳಾ?"

"ಇನ್ನೂ ನೋಡಿಲ್ಲಮ್ಮ."

"ನೋಡ್ಬುಟ್ಟು ಏಳು. ನಂಗೆ ಎಪ್ಪತ್ತು ದಾಟೈತೆ, ನಮ್ಮವ್ವನ ಮಕ ಕಂಡಿಲ್ಲ. ತಾಯ್ನ ತಿನ್ಕಂಡು ಉಟ್ಟೋಳು ಅಂತ ಈಗ್ಲೂವೆ ಜಗ್ಳಕ್ಕೆ ನಿಂತ್ರೆ ಅಂತಾರೆ. ನಾನ್ ತಿಂದಿರೋಳು ಎಂಗಿದ್ಲು ಅಂತ ಒಂದ್ಸಲ ನೋಡ್ಬೇಕು."

ನಗುತ್ತಲೇ ಅಂದರು. ನಾನು ಫೋಟೋ ಮಾಡಿಸಿಕೊಡುತ್ತೇನೆ ಎಂದು ಮಾತು ಕೊಟ್ಟೆ. ಮರುದಿನ ಬೆಳಗ್ಗೆ ಕಾಗದ ಬಿಚ್ಚಿದಾಗ ಆ ಕೈ ಕಂಡಿತು.

ಆಮೇಲಿನ ದಿನಗಳಲ್ಲಿ ಅಪ್ಪನನ್ನು ನೆನೆದದ್ದೆಲ್ಲ ಹೆದರಿಕೆಯ ಬಣ್ಣದಲ್ಲೇ. ಅವರ ಸ್ಟುಡಿಯೋ ಹೆಂಚಿನ ಮನೆ. ಉತ್ತರದ ಮಾಡಿನಲ್ಲಿ ಒಂದಷ್ಟು ಹೆಂಚು ತೆಗೆದು ಗಾಜಿನ ಹೆಂಚು ಹಾಕಿಸಿದ್ದರು, ಬೆಳಕು ಅಲ್ಲಿಂದಲೇ ಬರಬೇಕು. ಹಿಂದೆ ಅರಮನೆಯ ಮೆಟ್ಟಿಲು ಬರೆದ ಪರದೆ. ಗೂಟದಲ್ಲಿ ಒಂದು ಕರಿ ಕೋಟು, ಸುತ್ತಿನ ಹಳ್ಳಿಗಳ ಮದುವೆ ಗಂಡುಗಳೆಲ್ಲ ಅದನ್ನೇ ತೊಟ್ಟು ಕೂರುತ್ತಿದ್ದರು. ತೋಳು ಗಿಡ್ಡವಾದವರಿಗೆ ಕೈ ಹಿಂದಕ್ಕೆ ಕಟ್ಟಿಕೊಳ್ಳಲು ಹೇಳುತ್ತಿದ್ದರು. ತಲೆ ಅಲ್ಲಾಡದಂತೆ ಕತ್ತಿನ ಹಿಂದಕ್ಕೆ ಒಂದು ಕಬ್ಬಿಣದ ಆಸರೆ. "ಅಲ್ಲಾಡಬ್ಯಾಡಿ, ಉಸ್ರು ಬಿಗಿ ಇಡ್ಕಳಿ" ಎಂದು ಅಪ್ಪ ಗದರಿದರೆ, ಬಂದವರು ಯಾವುದೋ ಶಿಕ್ಷೆಗೆ ಒಪ್ಪಿಕೊಂಡವರಂತೆ ಕಣ್ಣು ಅಗಲಿಸುತ್ತಿದ್ದರು. ನಮ್ಮ ತಾಲ್ಲೂಕಿನ ಹಿರಿಯರು ಗೋಡೆಯ ಮೇಲೆ ಹೆದರಿದ ಮುಖದಲ್ಲೇ ಇರುವುದು ಅದರಿಂದ.

ಫೋಟೋ ತೆಗೆಸಿದರೆ ಆಯಸ್ಸು ಕಡಿಮೆ ಎಂಬ ಮಾತು ಆಗ ಗಟ್ಟಿಯಾಗಿತ್ತು. ಬದುಕಿರುವಾಗ ಹೆದರಿ ಬಾರದ ಎಷ್ಟೋ ಜನ ಅಪ್ಪನ ಕ್ಯಾಮೆರಾದ ಮುಂದೆ ಮೊದಲ ಸಲ ಕೂತದ್ದು ಸತ್ತ ಮೇಲೆ. ನಮ್ಮ ಕಡೆ ಹೆಣವನ್ನು ಜಗಲಿಯಲ್ಲಿ ಕೂರಿಸಿ, ಗಲ್ಲಕ್ಕೆ ಬಟ್ಟೆ ಕಟ್ಟಿ, ಹಾರ ಹಾಕಿ ಎಲ್ಲರಿಗೂ ಮುಖ ತೋರಿಸುತ್ತಾರಲ್ಲ, ಆ ಹೊತ್ತಿಗೆ ಅಪ್ಪನಿಗೆ ಕರೆ ಬರುತ್ತಿತ್ತು. ಅಪ್ಪ ಪೆಟ್ಟಿಗೆ ಹೊತ್ತು ಬಸ್ಸಿಗೋ ಎತ್ತಿನ ಗಾಡಿಗೋ ಹತ್ತುತ್ತಿದ್ದರು.

ಅವರಿಗೆ ಒಂದು ಅಭ್ಯಾಸವಿತ್ತು. ಫೋಟೋ ತೆಗೆಯುವ ಮುನ್ನ ತಮ್ಮ ಕನ್ನಡಕವನ್ನು ಬಿಚ್ಚಿ, ಹಾರ ಸರಿಮಾಡುವ ನೆಪದಲ್ಲಿ ಹೆಣದ ಮೂಗಿನ ಕೆಳಗೆ ಹಿಡಿಯುತ್ತಿದ್ದರು. ಗಾಜಿನ ಮೇಲೆ ಹಬೆ ಕಟ್ಟುವುದೋ ನೋಡಿ, ಮತ್ತೆ ಹಾಕಿಕೊಳ್ಳುತ್ತಿದ್ದರು. ಪೇಟೆಯವರು ಅದನ್ನು ಕಂಡುಹಿಡಿದಿದ್ದರು. "ಏನ್ ಸಾಮಿ, ಬದುಕಿರೋರ ಉಸ್ರಲ್ಲಿ ಕನ್ನಡ್ಕ ಕ್ಲೀನಾಗಕಿಲ್ವಾ?" ಎಂದು ಚಾವಡಿಯಲ್ಲಿ ಕಾಲೆಳೆಯುತ್ತಿದ್ದರು. ಅಪ್ಪ ನಗುತ್ತಿರಲಿಲ್ಲ. ಆ ಅಭ್ಯಾಸ ಯಾವಾಗ ಶುರುವಾಯಿತು, ಯಾವ ಹೆಣದ ನಂತರ ಶುರುವಾಯಿತು ಎಂದು ಈಗ ಕೇಳೋಣವೆಂದರೆ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ಈ ಪ್ಲೇಟು ಕಂಡಮೇಲೆ ಆ ಪ್ರಶ್ನೆಯೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ನಾನು ಮೈಸೂರಿನ ಪತ್ರಿಕೆಯೊಂದರ ಡೆಸ್ಕಿನಲ್ಲಿ ಜಿಲ್ಲಾ ಸುದ್ದಿ ನೋಡಿಕೊಂಡು ನಿವೃತ್ತಳಾದವಳು. ಸಾವಿನ ಸುದ್ದಿ ಬಂದರೆ ಡಾಕ್ಟರೋ ಪೊಲೀಸರೋ ಹೌದೆನ್ನುವವರೆಗೆ ಹಾಕುತ್ತಿರಲಿಲ್ಲ. ಹೆದರಿಕೆಯನ್ನೂ ಹಾಗೇ ಪರಿಶೀಲಿಸೋಣವೆಂದು ಕೂತೆ. ಮೊಬೈಲಿನಲ್ಲಿ ಪ್ಲೇಟಿನ ಚಿತ್ರ ತೆಗೆದು, ಕಪ್ಪು ಬಿಳುಪು ಅದಲುಬದಲು ಮಾಡಿ, ದೊಡ್ಡದು ಮಾಡಿ ನೋಡಿದೆ. ಮಡಿಲಿನ ಮೇಲೆ ಮೊಸರು ಚೆಲ್ಲಿದಂಥ ಬಿಳಿ ಕಲೆ. ಹಳೆಯ ಪ್ಲೇಟುಗಳಿಗೆ ಬೂಷ್ಟು ಹಿಡಿಯುವುದು ಸಾಮಾನ್ಯ, ಅದನ್ನು ಬದಿಗಿಟ್ಟೆ. ಕುರ್ಚಿಯ ಹಿಂದೆ ನಿಂತವರ ಕೈಗಳನ್ನು ಒಂದೊಂದಾಗಿ ಹುಡುಕಿದೆ. ಎಲ್ಲವೂ ಅವರವರ ಮೈಯ ಪಕ್ಕದಲ್ಲೇ ಇದ್ದವು. ಯಾರೂ ಅವಳನ್ನು ಮುಟ್ಟಿರಲಿಲ್ಲ. ಕುರ್ಚಿ ಅಲುಗಿದ್ದರೆ ಅವಳ ಮುಖವೂ ಕದಡಬೇಕಿತ್ತು. ಮುಖ ಹರಳಿನಂತಿತ್ತು. ಕೈಯೊಂದೇ ಅಲ್ಲಾಡಿತ್ತು.

ಬಾಣಂತಿ ಸತ್ತರೆ ಆಗೆಲ್ಲ ಹೊತ್ತು ಮುಳುಗುವ ಮುಂಚೆ ಮಣ್ಣು ಮಾಡುತ್ತಿದ್ದರು. ಅವಳು ಹಿಂದಿರುಗದಿರಲಿ ಎಂದು ದಾರಿಯುದ್ದಕ್ಕೂ ಸಾಸಿವೆ ಎರಚುತ್ತಿದ್ದರು. ಅಪ್ಪ ಪ್ಲೇಟನ್ನು ಪಾಂಡವಪುರಕ್ಕೆ ತಂದು, ಕತ್ತಲೆ ಕೋಣೆಯಲ್ಲಿ ತೊಳೆದು ನೋಡುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ.

ನಾಗಮಂಗಲದಲ್ಲಿ ನನಗೆ ಪರಿಚಯದ ಒಬ್ಬ ಡಾಕ್ಟರಿದ್ದಾರೆ. ಅವರೂ ನಿವೃತ್ತರು. ಬಸ್ಸು ಹತ್ತಿ ಅಲ್ಲಿಗೆ ಹೋದೆ. ಅವರು ಪಡಸಾಲೆಯಲ್ಲಿ ಕೂತು, ಮೊಬೈಲನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು.

"ಯಾರಿದು?"

"ಹೋಗಿ ಎಪ್ಪತ್ತು ವರ್ಷದ ಮೇಲಾಯ್ತು ಸರ್."

"ಸದ್ಯ, ನನ್ನ ಪೇಷಂಟಲ್ಲ." ಮತ್ತೆ ನೋಡಿದರು. "ಈ ಬಿಳೀದೇನು?"

"ಬೂಷ್ಟು ಸರ್."

"ನನ್ನ ಸರ್ಟಿಫಿಕೇಟಿಗೂ ಹಿಡ್ದದೆ ಬಿಡು." ಆಮೇಲೆ ಕೈಯನ್ನು ದೊಡ್ಡದು ಮಾಡಿ ನೋಡಿದರು. ನಾನು ಎಲ್ಲವನ್ನೂ ಹೇಳಿದೆ.

"ಹೆರಿಗೇಲಿ ರಕ್ತ ಹೋಗಿ ಮೈ ತಣ್ಣಗಾದ್ರೆ ನಾಡಿ ಸಿಗೋದಿಲ್ಲಮ್ಮ, ಕಲ್ತವರ ಕೈಗೇ ಸಿಗೋದಿಲ್ಲ. ಆಗ ಹಳ್ಳೀಲಿ ಯಾರು ನೋಡಿರ್ತಾರೆ? ಸತ್ತ ಕೈ ತಾನಾಗಿ ಅಲ್ಲಾಡೋದಿಲ್ಲ. ಯಾರಾದ್ರೂ ಅಲ್ಲಾಡಿಸಿರಬೇಕು."

"ಯಾರೂ ಮುಟ್ಟಿಲ್ಲ ಸರ್. ಎಲ್ಲರ ಕೈಯೂ ಎಣಿಸಿದೀನಿ."

ಡಾಕ್ಟರು ಮೊಬೈಲನ್ನು ನನಗೆ ಹಿಂದಿರುಗಿಸಿದರು. "ಆ ಯಮ್ಮನ ಮಗಳಿಗೆ ಇದನ್ನ ತೋರಿಸ್ತೀಯಾ?" ಎಂದಷ್ಟೇ ಕೇಳಿ, ಕಾಫಿ ತರಲು ಒಳಗೆ ಹೇಳಿದರು.

ತೋರಿಸಲೇಬೇಕಿತ್ತು, ಮಾತು ಕೊಟ್ಟಿದ್ದೆ. ಎರಡು ದಿನಕ್ಕೊಮ್ಮೆ ಫೋನು ಬರುತ್ತಿತ್ತು. "ಆಯ್ತಾ ಕಣವ್ವ? ಗೋಡೆಗೆ ಸುಣ್ಣ ಒಡ್ಸಿವ್ನಿ." ತಾಯಿಯನ್ನು ತಿಂದವಳು ಎನ್ನಿಸಿಕೊಂಡು ಬದುಕಿದ ಹೆಂಗಸಿಗೆ, ನಿನ್ನ ತಾಯಿ ಸಾಯುವ ಮುಂಚೆಯೇ ಮಣ್ಣಿಗೆ ಹೋಗಿರಬಹುದು ಎಂಬ ಚಿತ್ರವನ್ನು ಹೇಗೆ ಕೊಡುವುದು? ಕೊಡದೆ ಹೇಗೆ ಇರುವುದು? ರಾತ್ರಿ ಪ್ಲೇಟು ಇದ್ದ ಕೋಣೆಯ ಬಾಗಿಲು ಹಾಕಿಕೊಂಡು ಮಲಗತೊಡಗಿದೆ. ಆ ವಯಸ್ಸಿನಲ್ಲಿ ಅದು ನಾಚಿಕೆಯ ವಿಷಯ. ಆದರೂ ಹಾಕಿಕೊಂಡೆ.

ಕೊನೆಗೆ ಪ್ಲೇಟನ್ನು ಹತ್ತಿಯ ನಡುವೆ ಇಟ್ಟು, ಪೇಟೆಯಲ್ಲಿ ಹಳೇ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಸರಿಮಾಡುವ ಭಾಯಿಯ ಅಂಗಡಿಗೆ ಒಯ್ದೆ. ಅವರ ತಂದೆ ಅಪ್ಪನ ಫೋಟೋಗಳಿಗೆ ಕಟ್ಟು ಹಾಕುತ್ತಿದ್ದವರು. ಚಿತ್ರ ಪರದೆಯ ಮೇಲೆ ಮೂಡಿತು.

"ಮಾಶಾಲ್ಲಾ, ಅಬ್ಬಾಜಾನ್ ಹೇಳ್ತಿದ್ರು, ನಿಮ್ಮ ತಂದೆ ಕೈ ಅಂದ್ರೆ ಕೈ ಅಂತ. ಈ ಬೂಷ್ಟು ತೆಗೀಲಾ ಆಪಾ?"

"ತೆಗೀರಿ."

ಮೌಸು ನಾಲ್ಕು ಸಲ ಓಡಾಡಿತು. ಮಡಿಲಿನ ಬಿಳಿ ಕಲೆ ಹೋಗಿ ಸೀರೆಯ ನೆರಿಗೆ ಬಂತು.

"ಈ ಕೈ ಶೇಕ್ ಆಗ್ಬಿಟ್ಟದೆ. ಎಡಗೈ ಚೆನ್ನಾಗದೆ. ಅದನ್ನೇ ತಿರುಗಿಸಿ ಇಲ್ಲಿ ಕೂರಿಸಿಬಿಡ್ಲಾ? ಫಿಕರ್ ಬೇಡಿ, ಯಾರಿಗೂ ಗೊತ್ತಾಗಲ್ಲ."

ಕೆಲಸದಲ್ಲಿದ್ದಷ್ಟು ಕಾಲ, ಒಂದು ಫೋಟೋದಲ್ಲಿ ಕಸದ ಬುಟ್ಟಿಯನ್ನು ಅಳಿಸಿದ್ದಕ್ಕೂ ನಾನು ಜಗಳವಾಡಿದ್ದೇನೆ. ಅವತ್ತು "ಕೂರಿಸಿ" ಎಂದೆ. ಹೊಸ ಕೈ ಬಂದು ಕೂತಿತು. ಎದೆಯ ಮೇಲಿದ್ದ ಭಾರ ಅಂಗಡಿಯಲ್ಲೇ ಅರ್ಧ ಇಳಿಯಿತು.

"ಕಣ್ಣು ಬಿಡಿಸ್ಲಾ ಆಪಾ? ಈಗ ಅದೂ ಆಗ್ತದೆ. ಸ್ವಲ್ಪ ನಗೋ ಹಾಗೂ ಮಾಡ್ಬೋದು."

"ಬೇಡ" ಎಂದೆ. ನನ್ನ ದನಿಗೆ ಅವರು ತಿರುಗಿ ನೋಡಿದರು.

ಏಳುವಾಗ, ಏನನ್ನೂ ಮುಟ್ಟದ ಚಿತ್ರದ ಒಂದು ಪ್ರತಿಯನ್ನೂ ಹಾಕಿಕೊಡಿ ಎಂದೆ. ಮೂಲದ ಪ್ರತಿಯೊಂದನ್ನು ಜೊತೆಗಿಟ್ಟುಕೊಳ್ಳುವುದು ಡೆಸ್ಕಿನ ಅಭ್ಯಾಸ. ಅದನ್ನು ಬೇರೆ ಲಕೋಟೆಯಲ್ಲಿ, ಚೀಲದ ತಳಕ್ಕೆ ಹಾಕಿದೆ.

ಪಾಂಡವಪುರ ದಾಟಿ ಕೆ.ಆರ್. ಪೇಟೆಗೆ ಹೋಗುವ ಬಸ್ಸು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತಿತ್ತು. ತಡವಾದಷ್ಟೂ ಒಳ್ಳೆಯದೆನಿಸಿತು. ತೊಡೆಯ ಮೇಲಿನ ಚೀಲದಲ್ಲಿ ಎರಡು ಫೋಟೋ, ಒಂದು ಮುದುಕಿಯ ಕಣ್ಣಿಗೆ ಬೀಳಬಾರದು, ಇನ್ನೊಂದನ್ನು ಅವರು ನಂಬಬೇಕು. ಕೆ.ಆರ್. ಪೇಟೆಯಲ್ಲಿ ಬಸ್ಸು ಬದಲಿಸಿದೆ. ಕಿಕ್ಕೇರಿಯಲ್ಲಿ ಮಗ ಆಟೋ ಇಟ್ಟುಕೊಂಡು ಕಾದಿದ್ದರು. ದಾರಿಯಲ್ಲಿ ಅವರು ಬಿಡದೆ ಮಾತಾಡಿದರು. ನಾನು ಹೂಂಗುಟ್ಟಿದೆ.

ಮುದುಕಿ ಜಗಲಿಯಲ್ಲಿ ಕಾಲು ನೀಡಿ ಅವರೆಕಾಯಿ ಸುಲಿಯುತ್ತಿದ್ದರು. ಕೈಯನ್ನು ಸೆರಗಿಗೆ ಒರೆಸಿಕೊಂಡು, ಫೋಟೋವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಬೆರಳು ತಾಯಿಯ ಮುಖದ ಮೇಲೆ, ತಾಗದಂತೆ, ಓಡಾಡಿತು.

"ಮೂಗು ನಂದೇ."

"ನಿಂದು ಎಂಗಾದದು, ಅವಳ್ದು ನಿಂಗೆ ಬಂದಿರೋದು" ಎಂದರು ಮಗ.

"ಸುಮ್ಕಿರ್ಲಾ." ಕಣ್ಣು ಫೋಟೋ ಬಿಟ್ಟು ಏಳಲಿಲ್ಲ. ಅತ್ತ ಇತ್ತ ಹುಡುಕುತ್ತಿತ್ತು. "ನಾನೆಲ್ಲಿವ್ನಿ ಕಣವ್ವ?"

"ನೀವು ಇಲ್ಲಿಲ್ಲಮ್ಮ. ಎಳೇ ಕೂಸನ್ನ ಹೆಣದ ಹತ್ರ ಬಿಡ್ತಾರಾ?"

"ಬುಡಕಿಲ್ಲ. ನಮ್ಮ ಸೋದ್ರತ್ತೆ ಬುಟ್ಟಿದ್ಲು. ಕೂಸುಗೆ ದೋಸ ಆಯ್ತದೆ ಅಂತ ಎಲ್ರೂ ಬೈದ್ರಂತೆ. ಒಂದ್ಸಲ ಅವ್ವನ ಮಡ್ಲಲ್ಲಿ ಇರ್ಲಿ ಅಂತ ಬಿಳೀ ಬಟ್ಟೇಲಿ ಸುತ್ತಿ ಮನಗ್ಸಿ, ಇಂದಕ್ಕೆ ಸರ್ಕಂಡ್ಲಂತೆ. ನಂಗೆ ಬುದ್ಧಿ ಬಂದಾಗ್ಲಿಂದ್ಲೂ ಅದ್ನೇ ಏಳೋಳು. ನನ್ನ ಸಾಕುದ್ದೂ ಅವ್ಳೇ." ಫೋಟೋವನ್ನು ಇನ್ನಷ್ಟು ಹತ್ತಿರ ಹಿಡಿದರು. ದನಿ ಸಣ್ಣದಾಯಿತು. "ಮಡ್ಲು ಬರಿದಾಗೈತೆ. ಸುಳ್ಳೇಳಿದ್ಲಾ ನಮ್ಮತ್ತೆ?"

ಚೀಲದ ತಳದಿಂದ ಇನ್ನೊಂದು ಲಕೋಟೆ ತೆಗೆದು, ಅವರ ಮುಂದೆ ಇಟ್ಟೆ. ಮಡಿಲಿನಲ್ಲಿ ಆ ಬಿಳಿ ಕಲೆ. ಬೂಷ್ಟಲ್ಲ. ಕೈಕಾಲು ಆಡಿಸಿ, ಮುಖ ಮೈ ಎಲ್ಲ ಕರಗಿಹೋದ, ಮೂರು ದಿನದ ಒಂದು ಕೂಸು.

"ಇದೇ ನೀವು. ಅಲ್ಲಾಡಿದ್ದೆಲ್ಲ ಹೀಗೆ ಹರಡಿಕೊಳ್ಳುತ್ತೆ. ನಾವು ಕಲೆ ಅಂದ್ಕೊಂಡು ಅದರಲ್ಲಿ ಅಳಿಸಿಬಿಟ್ವಿ."

"ಅಳ್ಸಿದ್ರಾ?" ಮುದುಕಿ ನನ್ನನ್ನು ಒಮ್ಮೆ ನೋಡಿ, ಮತ್ತೆ ಫೋಟೋ ನೋಡಿದರು.

"ಅವ್ವ, ನಿಂಗೆ ಮಕಾನೇ ಇಲ್ವಲ್ಲ ಇದ್ರಲ್ಲಿ."

"ಇದ್ದಿದ್ರೆ ನಿನ್ನಂಗಿರೋದು, ಬುಡ್ಲಾ."

ಮಗ ನಕ್ಕರು. ಮುದುಕಿ ನಗಲಿಲ್ಲ. ಅವರ ಬೆರಳು ನಾನು ಹೆದರಿದ್ದ ಜಾಗಕ್ಕೇ ಬಂದು ನಿಂತಿತ್ತು.

"ಈ ಕೈ ಅವ್ಳೇ ಆಡ್ಸಿದ್ದಾ?"

ಬೆರಳು ತೆಗೆಯದೆ ಅವರೇ ಮುಂದುವರಿಸಿದರು. "ಬಾಣ್ತಿ ಎಣ ಅಂತ ಬಿರ್ರನೆ ಎತ್ತುದ್ರಂತೆ. ಅವಳ ಜೀವ ಪೂರ್ತಿ ಓಗಿತ್ತೋ ಇಲ್ವೋ ಅಂತ ನಮ್ಮತ್ತೆ ಸಾಯೋ ಮುಂದೆ ಒಂದ್ಸಲ ಅಂದ್ಲು. ಅವತ್ತಿಂದ ನಂಗೆ ಅದೇ ಎದ್ರಿಕೆ ಕಣವ್ವ. ಇವ್ನಿಗೂ ಏಳಿಲ್ಲ."

ಮಗ ಜಗಲಿಯ ಕಂಬ ಹಿಡಿದು ನಿಂತರು. ನಾನು ಪಕ್ಕದಲ್ಲಿ ಕೂತು, ಚೀಲದಲ್ಲಿದ್ದ ಭೂತಗನ್ನಡಿ ತೆಗೆದೆ. ಬಿಳಿ ಕಲೆಯಿಂದ ಒಂದು ಸಣ್ಣ ಎಳೆ ಹೊರಟು ತಾಯಿಯ ಬೆರಳಿನೊಳಗೆ ಸೇರಿತ್ತು. ಎರಡೂ ಕದಡಿದ್ದು ಒಂದೇ ದಿಕ್ಕಿಗೆ, ಕೂಸಿನ ಕಡೆಗೆ. ಸೆರಗು ಕದಡಿದ್ದೂ ಕೂಸಿನ ಕಾಲು ತಾಗುವಲ್ಲಿ ಮಾತ್ರ. "ನೀವೇ ಅವರ ಬೆರಳು ಹಿಡಿದು ಎಳೆದಿರಬೇಕು" ಎಂದು ಅದನ್ನು ತೋರಿಸಿದೆ. ಆಮೇಲೆ ಹಿಂದೆ ನಿಂತ ಗಂಡಸರ ಮುಖಗಳನ್ನು ತೋರಿಸಿದೆ. ಎಲ್ಲರ ಅಂಚೂ ಸ್ವಲ್ಪ ಮಸುಕು. ಅವರ ನಡುವೆ ತಾಯಿಯ ಮುಖ. ಗಲ್ಲಕ್ಕೆ ಕಟ್ಟಿದ ಬಟ್ಟೆಯ ನೂಲು ಕೂಡ ಎಣಿಸುವ ಹಾಗೆ.

"ಉಸಿರಾಡೋರ ಮುಖ ಹೀಗೆ ಬರೋದಿಲ್ಲಮ್ಮ. ಎಲ್ಲರದೂ ಒಂಚೂರು ಅಲ್ಲಾಡಿದೆ. ಇವರದೊಂದೇ ಇಲ್ಲ."

"ಅಂಗಂದ್ರೆ?"

"ಆಗಲೇ ಹೋಗಿದ್ದರು."

"ದಿಟ್ವಾ?"

"ಈ ಫೋಟೋ ಹೇಳುವಷ್ಟರ ಮಟ್ಟಿಗೆ ದಿಟ."

ಒಬ್ಬರ ತಾಯಿ ಸತ್ತದ್ದು ಖಚಿತವೆಂದು ಅವರಿಗೇ ಹೇಳಿ, ಅವರ ಮುಖ ಸಡಿಲಾಗುವುದನ್ನು ನಾನು ಕಂಡದ್ದು ಅದೊಂದೇ ಸಲ. "ಓಗಿದ್ಲು ಬುಡು" ಎಂದು ಅವರು ತಮಗೆ ತಾವೇ ಹೇಳಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಮ್ಮೆ ಹೇಳಿದರು.

ಪ್ಲೇಟು ಇದಕ್ಕಿಂತ ಹೆಚ್ಚು ಹೇಳುವುದಿಲ್ಲ. ಕೂಸು ಬೆರಳನ್ನು ಎಳೆಯಿತು ಎಂಬುದು ನಾನು ಕಂಡದ್ದರಿಂದ ಮಾಡಿದ ಊಹೆ. ಮುಖದ ವಿಷಯ ಊಹೆಯಲ್ಲ. ಆಗ ಹೇಳಿದ್ದಕ್ಕೆ ಈಗಲೂ ಬದ್ಧಳಾಗಿದ್ದೇನೆ. ಆದರೂ ಶ್ರೀರಂಗಪಟ್ಟಣಕ್ಕೆ ಬಂದಮೇಲೆ ಆ ಕೋಣೆಯ ಬಾಗಿಲು ತೆರೆದಿಟ್ಟು ಮಲಗಲು ಇನ್ನೂ ಕೆಲವು ರಾತ್ರಿ ಬೇಕಾದವು.

ಮುದುಕಿ ಸರಿಮಾಡಿಸಿದ ಫೋಟೋವನ್ನು ನನ್ನ ಕೈಗೇ ವಾಪಸು ಕೊಟ್ಟರು. "ಇದ್ನ ನೀನೇ ತಗಂಡೋಗು ಕಣವ್ವ. ಇದ್ರಲ್ಲಿ ಅವ್ಳು ಒಬ್ಳೇ ಅವ್ಳೆ." ಮತ್ತೆ ಮಗನ ಕಡೆ ತಿರುಗಿ, "ನಿಂತ್ಕಂಡು ಏನ್ ನೋಡ್ತಿದ್ದೀಯ, ಮೊಳೆ ಒಡಿ. ಇನ್ಮೇಲೆ ಯಾರಾನ ತಿನ್ಕಂಡೋಳು ಅಂದ್ರೆ ಒಳೀಕ್ ಕರ್ದು ತೋರುಸ್ತೀನಿ, ಕೈ ಇಡ್ದು ಎಳ್ದೋಳು ನಾನು ಅಂತ."

ಹೊಸ ಸುಣ್ಣದ ಗೋಡೆಗೆ ಮಗ ತಲೆಯೆತ್ತರದಲ್ಲಿ ಮೊಳೆ ಇಟ್ಟು ತಿರುಗಿದರು, ಎಲ್ಲರ ಮನೆಯಲ್ಲೂ ಸತ್ತವರ ಫೋಟೋ ಇರುವ ಎತ್ತರದಲ್ಲಿ.

"ಅಷ್ಟೆತ್ರಕ್ಕಲ್ಲ ಕಣ್ಲಾ" ಎಂದರು ಮುದುಕಿ, ಕೂತಲ್ಲಿಂದಲೇ ತಮ್ಮ ಕಣ್ಣಿನ ಮಟ್ಟಕ್ಕೆ ಕೈ ಹಿಡಿದು ತೋರಿಸುತ್ತ. "ಇನ್ನೂ ಕೆಳೀಕೆ. ಇನ್ನೂ ಒಸಿ ಕೆಳೀಕೆ."